ಮಹಾ ಕ್ರೀಡಾಕೂಟದ ನಗರದಲ್ಲಿ ಸರಕು ಸಾಗಣೆ: 2012ರ ಲಂಡನ್ ಒಲಿಂಪಿಕ್ಸ್‌ನ ಯೋಜನೆ ಮತ್ತು ಅದರ ಪಾಠ

ಒಂದು ಮಹಾನಗರದಲ್ಲಿ ಅಂತರರಾಷ್ಟ್ರೀಯ ಕ್ರೀಡಾಕೂಟ ನಡೆಯುವಾಗ ಪತ್ರಿಕೆಗಳು ಆಟಗಾರರ ಬಗ್ಗೆ, ಪದಕಗಳ ಬಗ್ಗೆ ಬರೆಯುತ್ತವೆ. ಆದರೆ ಆ ದಿನಗಳಲ್ಲಿಯೂ ನಗರದ ಜನರಿಗೆ ಬೆಳಗಿನ ಹಾಲು ಬೇಕು, ಅಂಗಡಿಗೆ ರೊಟ್ಟಿ ಮತ್ತು ತರಕಾರಿ ಬರಬೇಕು, ಆಸ್ಪತ್ರೆಗೆ ಔಷಧ ತಲುಪಬೇಕು, ಕಸ ಊರಾಚೆಗೆ ಹೋಗಬೇಕು. ಇವೆಲ್ಲವೂ ಸಾಗುವುದು ಲಾರಿ, ವ್ಯಾನುಗಳಲ್ಲಿ. ಕ್ರೀಡಾಕೂಟಕ್ಕಾಗಿ ರಸ್ತೆಗಳನ್ನು ಕಾಯ್ದಿರಿಸಿದಾಗ ಮೊದಲು ತೊಂದರೆಗೆ ಸಿಲುಕುವ ವಾಹನಗಳೂ ಇವೇ. 2012ರ ಲಂಡನ್ ಒಲಿಂಪಿಕ್ಸ್ ಈ ಸಮಸ್ಯೆಯನ್ನು ಮೊದಲೇ ಗುರುತಿಸಿ, ಸರಕು ಸಾಗಣೆಗೆಂದೇ ಪ್ರತ್ಯೇಕ ಯೋಜನೆಯನ್ನು ರೂಪಿಸಿತು. ಆ ಯೋಜನೆಯ ಸ್ವರೂಪ, ಅದು ಎದುರಿಸಿದ ಇಕ್ಕಟ್ಟುಗಳು ಮತ್ತು ಗಡಿನಾಡಿನ ನಮ್ಮ ಕುಟುಂಬಗಳಿಗೆ ಅದರಿಂದ ಸಿಗುವ ತಿಳಿವಳಿಕೆಯನ್ನು ಈ ಲೇಖನವು ಸಂಗ್ರಹಿಸಿ ಕೊಡುತ್ತದೆ.

ಹಿನ್ನೆಲೆ

ಲಂಡನ್ ಒಲಿಂಪಿಕ್ಸ್ 2012ರ ಜುಲೈ 27ರಿಂದ ಆಗಸ್ಟ್ 12ರವರೆಗೂ, ಅಂಗವಿಕಲ ಕ್ರೀಡಾಪಟುಗಳ ಪ್ಯಾರಾಲಿಂಪಿಕ್ಸ್ ಆಗಸ್ಟ್ 29ರಿಂದ ಸೆಪ್ಟೆಂಬರ್ 9ರವರೆಗೂ ನಡೆದವು. ಒಲಿಂಪಿಕ್ಸ್‌ಗೆ 204 ರಾಷ್ಟ್ರೀಯ ಒಲಿಂಪಿಕ್ ಸಮಿತಿಗಳ ಪರವಾಗಿ ಹತ್ತು ಸಾವಿರಕ್ಕೂ ಹೆಚ್ಚು ಕ್ರೀಡಾಪಟುಗಳು ಬಂದಿದ್ದರು. ಸ್ಪರ್ಧಾಸ್ಥಳಗಳು ಒಂದೆಡೆ ಇರಲಿಲ್ಲ. ಮುಖ್ಯ ಕ್ರೀಡಾಂಗಣ ನಗರದ ಪೂರ್ವದ ಸ್ಟ್ರಾಟ್‌ಫರ್ಡ್‌ನಲ್ಲಿತ್ತು. ಟೆನಿಸ್ ನೈಋತ್ಯದ ವಿಂಬಲ್ಡನ್‌ನಲ್ಲಿ, ಫುಟ್‌ಬಾಲ್ ಅಂತಿಮ ಪಂದ್ಯ ವಾಯವ್ಯದ ವೆಂಬ್ಲಿಯಲ್ಲಿ, ಕುದುರೆ ಸವಾರಿ ಗ್ರೀನಿಚ್‌ನಲ್ಲಿ, ಕಡಲತೀರದ ವಾಲಿಬಾಲ್ ನಗರದ ನಟ್ಟನಡುವಿನ ಹಾರ್ಸ್ ಗಾರ್ಡ್ಸ್ ಪರೇಡ್ ಮೈದಾನದಲ್ಲಿ ನಡೆಯಿತು. ಹೀಗಾಗಿ ಕ್ರೀಡಾಪಟುಗಳ ಸಂಚಾರ ಇಡೀ ನಗರವನ್ನು ಅಡ್ಡಹಾಯುವಂತಿತ್ತು.

1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಕ್ರೀಡಾಪಟುಗಳನ್ನೂ ಪತ್ರಕರ್ತರನ್ನೂ ಹೊತ್ತ ಬಸ್ಸುಗಳು ತಡವಾಗಿ ತಲುಪಿ ದೊಡ್ಡ ಟೀಕೆಗೆ ಕಾರಣವಾಗಿದ್ದವು. ಅದು ಮರುಕಳಿಸಬಾರದೆಂಬ ಎಚ್ಚರ ಲಂಡನ್ನಿನ ಸಂಘಟಕರಲ್ಲಿತ್ತು. ಇದಕ್ಕಾಗಿ ಬ್ರಿಟನ್ನಿನ ಸಂಸತ್ತು 2006ರಲ್ಲಿ ಅಂಗೀಕರಿಸಿದ ಲಂಡನ್ ಒಲಿಂಪಿಕ್ ಕ್ರೀಡಾಕೂಟ ಕಾಯಿದೆಯಲ್ಲಿಯೇ ಒಲಿಂಪಿಕ್ ಸಾರಿಗೆ ಯೋಜನೆಗೂ ಮೀಸಲು ಮಾರ್ಗಗಳಿಗೂ ಅವಕಾಶ ಕಲ್ಪಿಸಲಾಯಿತು.

ಮಾರ್ಗಜಾಲ ಮತ್ತು ಮೀಸಲು ಪಥ

ಲಂಡನ್ನಿನೊಳಗೆ ಸುಮಾರು 109 ಮೈಲಿ, ಅಂದರೆ ಸುಮಾರು 175 ಕಿಲೋಮೀಟರ್ ಉದ್ದದ ರಸ್ತೆಗಳನ್ನು ‘ಒಲಿಂಪಿಕ್ ಮಾರ್ಗಜಾಲ’ವೆಂದು ಗೊತ್ತುಪಡಿಸಲಾಯಿತು. ಇದರಲ್ಲಿ ಸುಮಾರು 30 ಮೈಲಿಯಷ್ಟು ಭಾಗದಲ್ಲಿ ರಸ್ತೆಯ ಒಂದು ಪಥವನ್ನು ಕ್ರೀಡಾಪಟುಗಳು, ಅಧಿಕಾರಿಗಳು, ತೀರ್ಪುಗಾರರು ಮತ್ತು ಪತ್ರಕರ್ತರ ವಾಹನಗಳಿಗೆ ಮೀಸಲಿಡಲಾಯಿತು. ಇವೇ ‘ಕ್ರೀಡಾ ಪಥ’ಗಳು. ಮಾರ್ಗಜಾಲದ ಉಳಿದ ಭಾಗದಲ್ಲಿ ಎಲ್ಲ ವಾಹನಗಳೂ ಓಡಬಹುದಿತ್ತು. ಮಾರ್ಗಜಾಲವೆಂದರೆ ಮುಚ್ಚಿದ ರಸ್ತೆ ಎಂದು ಹಲವರು ಮೊದಲಿಗೆ ಭಾವಿಸಿದ್ದುದರಿಂದ ಈ ವ್ಯತ್ಯಾಸವನ್ನು ಮತ್ತೆ ಮತ್ತೆ ತಿಳಿಹೇಳಬೇಕಾಯಿತು.

ಮಾರ್ಗಜಾಲ ಜುಲೈ 25ರಂದು ಜಾರಿಗೆ ಬಂತು. ಕ್ರೀಡಾ ಪಥಗಳು ಸಾಮಾನ್ಯವಾಗಿ ಬೆಳಿಗ್ಗೆ 6ರಿಂದ ಮಧ್ಯರಾತ್ರಿಯವರೆಗೆ ಮೀಸಲಾಗಿದ್ದವು. ಅನುಮತಿಯಿಲ್ಲದೆ ಆ ಪಥಕ್ಕೆ ನುಗ್ಗಿದ ವಾಹನಕ್ಕೆ 130 ಪೌಂಡ್ ದಂಡವಿತ್ತು. 14 ದಿನಗಳೊಳಗೆ ಕಟ್ಟಿದರೆ ಅರ್ಧ ಮೊತ್ತ. ಕ್ರೀಡಾ ವಾಹನಗಳ ಸಂಚಾರ ಕಡಿಮೆಯಿದ್ದ ವೇಳೆಯಲ್ಲಿ ವಿದ್ಯುನ್ಮಾನ ಫಲಕಗಳ ಮೂಲಕ ಸೂಚನೆ ನೀಡಿ ಪಥವನ್ನು ಎಲ್ಲರಿಗೂ ತೆರೆಯಲಾಗುತ್ತಿತ್ತು.

ಸರಕು ಸಾಗಿಸುವವರಿಗೆ ನಿಜವಾದ ಕಷ್ಟ ಬಂದದ್ದು ಪಥದಿಂದಲ್ಲ, ರಸ್ತೆಯ ಅಂಚಿನಿಂದ. ಮಾರ್ಗಜಾಲದ ಉದ್ದಕ್ಕೂ ವಾಹನ ನಿಲುಗಡೆಯ ಜಾಗಗಳನ್ನೂ ಸರಕು ಇಳಿಸುವ ತಾಣಗಳನ್ನೂ ಹಗಲು ವೇಳೆ ರದ್ದುಪಡಿಸಲಾಯಿತು. ಕೆಲವು ಕೂಡುರಸ್ತೆಗಳಲ್ಲಿ ತಿರುವು ನಿಷೇಧವಾಯಿತು, ಸಂಚಾರ ದೀಪಗಳ ಅವಧಿ ಬದಲಾಯಿತು. ಲಾರಿ ಅಂಗಡಿಯ ಎದುರಿನಿಂದ ಹಾದುಹೋಗಬಹುದು, ಆದರೆ ಅಲ್ಲಿ ನಿಲ್ಲುವಂತಿಲ್ಲ. ಮೂಟೆ ಇಳಿಸಲಾಗದ ಲಾರಿಯಿಂದ ಅಂಗಡಿಗೆ ಪ್ರಯೋಜನವಿಲ್ಲ.

ಇದರ ಜೊತೆಗೆ ರಸ್ತೆಯ ಮೇಲೆಯೇ ನಡೆಯುವ ಸ್ಪರ್ಧೆಗಳಿದ್ದವು. ಪುರುಷರ ಸೈಕಲ್ ರಸ್ತೆ ಸ್ಪರ್ಧೆ ಜುಲೈ 28ರ ಶನಿವಾರ, ಮಹಿಳೆಯರದು ಜುಲೈ 29ರ ಭಾನುವಾರ ನಡೆದವು. ಎರಡೂ ನಗರದ ಮಧ್ಯಭಾಗದಿಂದ ಹೊರಟು ಸರ್ರೆ ಪ್ರಾಂತ್ಯದ ಬಾಕ್ಸ್ ಹಿಲ್‌ವರೆಗೆ ಹೋಗಿ ಮರಳಿದವು. ಮಹಿಳೆಯರ ಮ್ಯಾರಥಾನ್ ಆಗಸ್ಟ್ 5ರಂದು, ಪುರುಷರದು ಆಗಸ್ಟ್ 12ರಂದು ನಗರದ ನಡುವಿನ ರಸ್ತೆಗಳಲ್ಲಿ ಸುತ್ತು ಹಾಕಿದವು. ಈ ದಿನಗಳಲ್ಲಿ ಸ್ಪರ್ಧೆಯ ರಸ್ತೆಗಳು ಪೂರ್ಣವಾಗಿ ಮುಚ್ಚಿದವು. ಆದ್ದರಿಂದ ಸಾಗಣೆದಾರನು ಎರಡು ಬಗೆಯ ನಿರ್ಬಂಧಗಳನ್ನು ಪ್ರತ್ಯೇಕವಾಗಿ ಗುರುತುಹಾಕಿಕೊಳ್ಳಬೇಕಿತ್ತು: ವಾರಗಟ್ಟಲೆ ಇರುವ ಭಾಗಶಃ ನಿರ್ಬಂಧ ಮತ್ತು ಒಂದೇ ದಿನದ ಪೂರ್ಣ ನಿರ್ಬಂಧ.

ನಾಲ್ಕು ದಾರಿಗಳು

ನಗರದ ಸಾರಿಗೆ ಸಂಸ್ಥೆಯಾದ ಟ್ರಾನ್ಸ್‌ಪೋರ್ಟ್ ಫಾರ್ ಲಂಡನ್ ವ್ಯಾಪಾರಿಗಳಿಗೂ ಸಾಗಣೆದಾರರಿಗೂ ನಾಲ್ಕು ಸೂತ್ರಗಳನ್ನು ಮುಂದಿಟ್ಟಿತು. ಇಂಗ್ಲಿಷಿನಲ್ಲಿ ನಾಲ್ಕೂ ಪದಗಳು ಒಂದೇ ಅಕ್ಷರದಿಂದ ಆರಂಭವಾಗುತ್ತಿದ್ದುದರಿಂದ ಅವು ‘ನಾಲ್ಕು ಆರ್’ಗಳೆಂದು ಹೆಸರಾದವು.

1. ತಗ್ಗಿಸುವುದು. ಬಾರಿ ಬಾರಿಗೆ ಬರುವ ಸರಕನ್ನು ಒಟ್ಟುಗೂಡಿಸಿ ಸರದಿಗಳನ್ನು ಕಡಿಮೆ ಮಾಡುವುದು. ಕಾಗದ, ಸಾಬೂನು, ಡಬ್ಬಿಯ ಆಹಾರ ಮೊದಲಾದ ಕೆಡದ ವಸ್ತುಗಳನ್ನು ಕ್ರೀಡಾಕೂಟಕ್ಕೆ ಮೊದಲೇ ತರಿಸಿ ಇಟ್ಟುಕೊಳ್ಳುವುದು. ತುರ್ತಲ್ಲದ ದುರಸ್ತಿ, ಪೀಠೋಪಕರಣ ಖರೀದಿಗಳನ್ನು ಮುಂದೂಡುವುದು.

2. ಹೊತ್ತು ಬದಲಿಸುವುದು. ಹಗಲಿನಲ್ಲಿ ಬರುವ ಸರಕನ್ನು ಮಧ್ಯರಾತ್ರಿಯಿಂದ ಬೆಳಿಗ್ಗೆ 6ರೊಳಗಿನ ಅವಧಿಗೆ ತಿರುಗಿಸುವುದು.

3. ದಾರಿ ಬದಲಿಸುವುದು. ಮಾರ್ಗಜಾಲವನ್ನೂ ಸ್ಪರ್ಧಾಸ್ಥಳಗಳ ಸುತ್ತಲಿನ ವಲಯವನ್ನೂ ತಪ್ಪಿಸಿ ಹೋಗುವುದು. ಪಕ್ಕದ ಬೀದಿಯಲ್ಲಿ ಲಾರಿ ನಿಲ್ಲಿಸಿ ತಳ್ಳುಗಾಡಿಯಲ್ಲಿ ಸರಕು ಒಯ್ಯುವುದು.

4. ಸಾಧನ ಬದಲಿಸುವುದು. ಸಣ್ಣ ಕಟ್ಟುಗಳನ್ನು ಸೈಕಲ್ಲಿನಲ್ಲಿ ಅಥವಾ ಕಾಲ್ನಡಿಗೆಯಲ್ಲಿ, ಭಾರದ ಸರಕನ್ನು ರೈಲು ಅಥವಾ ಜಲಮಾರ್ಗದಲ್ಲಿ ಕಳುಹಿಸುವುದು.

ನಾಲ್ಕನೆಯ ಸೂತ್ರವನ್ನು ಕ್ರೀಡಾನಗರದ ನಿರ್ಮಾಣ ಕಾಲದಲ್ಲಿಯೇ ಪ್ರಯೋಗಿಸಲಾಗಿತ್ತು. ಸ್ಟ್ರಾಟ್‌ಫರ್ಡ್‌ನ ಕಾಮಗಾರಿಗೆ ಬೇಕಾದ ಸಾಮಗ್ರಿಯಲ್ಲಿ ತೂಕದ ಲೆಕ್ಕದಲ್ಲಿ ಕನಿಷ್ಠ ಅರ್ಧದಷ್ಟನ್ನು ರೈಲು ಅಥವಾ ನೀರಿನ ಮೂಲಕ ತರುವ ಗುರಿಯನ್ನು ನಿರ್ಮಾಣ ಪ್ರಾಧಿಕಾರವು ಇಟ್ಟುಕೊಂಡು ಅದನ್ನು ಮೀರಿತು. ದೋಣಿಗಳ ಸಂಚಾರಕ್ಕಾಗಿ ತ್ರೀ ಮಿಲ್ಸ್ ಎಂಬಲ್ಲಿ ಹೊಸ ಜಲದ್ವಾರವೊಂದನ್ನು 2009ರಲ್ಲಿ ತೆರೆಯಲಾಯಿತು.

ಯೋಜನೆ ಮಾಡುವ ಕ್ರಮ

ಒಂದು ಕಾಲ್ಪನಿಕ ಉದಾಹರಣೆಯಿಂದ ಈ ಸೂತ್ರಗಳ ಬಳಕೆಯನ್ನು ನೋಡೋಣ. ಮಾರ್ಗಜಾಲದ ರಸ್ತೆಯೊಂದರಲ್ಲಿ ಚಿಕ್ಕ ಕಿರಾಣಿ ಅಂಗಡಿಯಿದೆ. ಹಾಲು, ರೊಟ್ಟಿ, ತರಕಾರಿ, ಡಬ್ಬಿಯ ಆಹಾರ, ತಂಪು ಪಾನೀಯ ಎಂಬ ಐದು ಬಗೆಯ ಸರಕು ಐವರು ಪೂರೈಕೆದಾರರಿಂದ ವಾರದ ಆರು ದಿನವೂ ಬರುತ್ತದೆ. ಒಟ್ಟು ಸರದಿಗಳು ವಾರಕ್ಕೆ 30.

ಅಂಗಡಿಯವನು ಮೊದಲು ಪಟ್ಟಿ ಬರೆಯುತ್ತಾನೆ: ಯಾವ ಸರಕು, ಯಾರಿಂದ, ಯಾವ ಹೊತ್ತಿಗೆ, ಎಷ್ಟು, ಇಳಿಸಲು ಎಷ್ಟು ನಿಮಿಷ. ಪಟ್ಟಿ ಕಣ್ಣೆದುರಿಗೆ ಬಂದಾಗ ಕೆಡುವ ಸರಕು ಮೂರು ಬಗೆ, ಕೆಡದ ಸರಕು ಎರಡು ಬಗೆ ಎಂಬುದು ಕಾಣುತ್ತದೆ. ಡಬ್ಬಿಯ ಆಹಾರವನ್ನು ಮುಂಗಡವಾಗಿ ತರಿಸಿದರೆ ವಾರಕ್ಕೆ 6 ಸರದಿ ಇಲ್ಲವಾಗುತ್ತದೆ. ತಂಪು ಪಾನೀಯವನ್ನು ವಾರಕ್ಕೆ ಎರಡೇ ಬಾರಿ ತರಿಸಿದರೆ ಇನ್ನೂ 4 ಕಳೆಯುತ್ತದೆ. ಹಾಲು ಮತ್ತು ರೊಟ್ಟಿ ಒಂದೇ ವಾಹನದಲ್ಲಿ ಬರುವಂತೆ ಪೂರೈಕೆದಾರರನ್ನು ಒಪ್ಪಿಸಿದರೆ ಮತ್ತೆ 6. ಈಗ ಉಳಿದದ್ದು 14 ಸರದಿ. ಇವನ್ನು ನಸುಕಿನಲ್ಲಿ 6 ಗಂಟೆಗೆ ಮೊದಲು ಇಳಿಸಿಕೊಳ್ಳಲು ಯಾರು ಬಾಗಿಲು ತೆರೆಯುತ್ತಾರೆ ಎಂಬುದು ಮುಂದಿನ ಪ್ರಶ್ನೆ.

ಆ ಪ್ರಶ್ನೆಯನ್ನು ಕಡೆಗಣಿಸಿದ ಯೋಜನೆಗಳು ಕಾಗದದ ಮೇಲಷ್ಟೇ ಉಳಿಯುತ್ತವೆ. ಅಂಗಡಿಯವನ ಕೆಲಸದ ಹೊತ್ತು, ಕೆಲಸಗಾರರ ಪಾಳಿ, ಅವರು ಮನೆ ಸೇರುವ ಬಗೆ, ಮುಂಗಡ ಸರಕು ಇಡಲು ಜಾಗ, ಅದಕ್ಕೆ ಬೇಕಾದ ಬಂಡವಾಳ ಇವೆಲ್ಲವೂ ಯೋಜನೆಯ ಅಂಗಗಳೇ. ದೊಡ್ಡ ಮಳಿಗೆಗಳಿಗೆ ಉಗ್ರಾಣವೂ ರಾತ್ರಿ ಪಾಳಿಯೂ ಮೊದಲೇ ಇರುತ್ತವೆ. ಸಣ್ಣ ಅಂಗಡಿಗೆ ಎರಡೂ ಇರುವುದಿಲ್ಲ. ಒಂದೇ ನಿರ್ಬಂಧ ಇಬ್ಬರ ಮೇಲೂ ಒಂದೇ ಭಾರ ಹೊರಿಸುವುದಿಲ್ಲ.

ಚಾಲಕನ ವಿಶ್ರಾಂತಿಯನ್ನೂ ಲೆಕ್ಕ ಹಿಡಿಯಬೇಕು. ಅಂದು ಬ್ರಿಟನ್ನಿನಲ್ಲಿ ಜಾರಿಯಲ್ಲಿದ್ದ ಯುರೋಪಿಯನ್ ನಿಯಮದಂತೆ ಭಾರಿ ಲಾರಿಯ ಚಾಲಕನು ನಾಲ್ಕೂವರೆ ಗಂಟೆ ಚಲಾಯಿಸಿದ ಬಳಿಕ 45 ನಿಮಿಷ ಬಿಡುವು ಪಡೆಯಲೇಬೇಕು; ದಿನಕ್ಕೆ ಸಾಮಾನ್ಯವಾಗಿ 9 ಗಂಟೆಗಿಂತ ಹೆಚ್ಚು ಚಲಾಯಿಸುವಂತಿಲ್ಲ. ಸುತ್ತುದಾರಿ ಹಿಡಿದರೆ ಅದೇ ಪ್ರಯಾಣಕ್ಕೆ ಹೆಚ್ಚು ಹೊತ್ತು ಬೇಕಾಗುತ್ತದೆ. ಹಾಗಾಗಿ ದಿನಕ್ಕೆ ಹತ್ತು ಅಂಗಡಿ ಮುಟ್ಟುತ್ತಿದ್ದ ಲಾರಿ ಏಳನ್ನೇ ಮುಟ್ಟಬಹುದು. ಇದನ್ನು ಮೊದಲೇ ಎಣಿಸದಿದ್ದರೆ ಕೊನೆಯ ಮೂರು ಅಂಗಡಿಗಳ ಕಪಾಟು ಬರಿದಾಗುತ್ತದೆ.

ರಾತ್ರಿಯ ಸಾಗಣೆ ಮತ್ತು ನಿವಾಸಿಗಳ ನಿದ್ದೆ

ಸರಕು ಸಾಗಣೆಯನ್ನು ರಾತ್ರಿಗೆ ತಳ್ಳುವುದು ಸುಲಭವೆಂದು ತೋರುತ್ತದೆ. ಆದರೆ ಲಂಡನ್ನಿನಲ್ಲಿ ಅದಕ್ಕೆ ಹಳೆಯದೊಂದು ತಡೆಯಿತ್ತು. 1985ರ ಸಂಚಾರ ಆಜ್ಞೆಯ ಪ್ರಕಾರ 18 ಟನ್‌ಗಿಂತ ಹೆಚ್ಚು ತೂಕದ ವರ್ಗಕ್ಕೆ ಸೇರಿದ ಲಾರಿಗಳು ರಾತ್ರಿಯಲ್ಲಿ ಮತ್ತು ವಾರಾಂತ್ಯದಲ್ಲಿ ನಿಗದಿತ ಹೆದ್ದಾರಿಗಳನ್ನು ಬಿಟ್ಟು ಒಳರಸ್ತೆಗಳಿಗೆ ಅನುಮತಿಯಿಲ್ಲದೆ ಇಳಿಯುವಂತಿಲ್ಲ. ನಿವಾಸಿಗಳ ನಿದ್ದೆಯ ರಕ್ಷಣೆಯೇ ಇದರ ಉದ್ದೇಶ. ಇದಲ್ಲದೆ ರಾತ್ರಿ ಸರಕು ಇಳಿಸಬಾರದೆಂಬ ಷರತ್ತಿನ ಮೇಲೆಯೇ ಹಲವು ಮಳಿಗೆಗಳಿಗೆ ಕಟ್ಟಡ ಪರವಾನಗಿ ದೊರೆತಿತ್ತು.

ಹೀಗೆ ಎರಡು ಸಾರ್ವಜನಿಕ ಹಿತಗಳು ಎದುರುಬದುರಾದವು. ಹಗಲಿನಲ್ಲಿ ಕ್ರೀಡಾಪಟುವಿಗೆ ರಸ್ತೆ ಬೇಕು. ರಾತ್ರಿಯಲ್ಲಿ ನಿವಾಸಿಗೆ ನಿದ್ದೆ ಬೇಕು. ಮಧ್ಯೆ ಅಂಗಡಿಗೆ ಸರಕು ಬೇಕು. ಲಾರಿ ನಿಯಂತ್ರಣದ ಆಜ್ಞೆಯನ್ನು ರದ್ದುಪಡಿಸದೆ, ಕ್ರೀಡಾಕೂಟದ ಅವಧಿಯಲ್ಲಿ ಅದರ ಜಾರಿಯಲ್ಲಿ ಸಂದರ್ಭೋಚಿತ ಸಡಿಲಿಕೆ ತೋರಲಾಯಿತು. ಅದಕ್ಕೆ ಪ್ರತಿಯಾಗಿ ಸಾಗಣೆದಾರರಿಂದ ಸದ್ದಡಗಿಸುವ ಶಿಸ್ತನ್ನು ಬಯಸಲಾಯಿತು. ಟ್ರಾನ್ಸ್‌ಪೋರ್ಟ್ ಫಾರ್ ಲಂಡನ್, ಸರಕು ಸಾಗಣೆದಾರರ ಸಂಘ ಮತ್ತು ಶಬ್ದ ನಿವಾರಣಾ ಸಂಘ ಸೇರಿ ಇದಕ್ಕೊಂದು ಆಚಾರಸಂಹಿತೆಯನ್ನು ಸಿದ್ಧಪಡಿಸಿದವು. ಅದರ ತಿರುಳು ತೀರ ಸರಳ:

• ಲಾರಿ ನಿಂತ ಕೂಡಲೇ ಎಂಜಿನ್ ಮತ್ತು ರೇಡಿಯೊ ಆರಿಸಬೇಕು, ಹಾರ್ನ್ ಮಾಡಬಾರದು.
• ಬಾಗಿಲುಗಳನ್ನು ಬಡಿಯದೆ ಮೆಲ್ಲನೆ ಮುಚ್ಚಬೇಕು; ಕೂಗಿ ಕರೆಯಬಾರದು.
• ಲೋಹದ ಗಾಲಿಬಂಡಿ ಉರುಳುವ ನೆಲಕ್ಕೆ ರಬ್ಬರ್ ಚಾಪೆ ಹಾಸಬೇಕು; ಗಾಲಿಗಳನ್ನು ಸುಸ್ಥಿತಿಯಲ್ಲಿಡಬೇಕು.
• ಲಾರಿ ಬರುವ ಮೊದಲೇ ಅಂಗಡಿಯ ಸಿಬ್ಬಂದಿ ಬಾಗಿಲು ತೆರೆದು ಸಿದ್ಧವಾಗಿರಬೇಕು.
• ಗೊತ್ತುಪಡಿಸಿದ ಹೊತ್ತಿಗಿಂತ ಮೊದಲೇ ಬಂದು ಮನೆಗಳ ಮುಂದೆ ಕಾಯುತ್ತ ನಿಲ್ಲಬಾರದು.

ಕ್ರೀಡಾಕೂಟ ಮುಗಿದ ಮೇಲೂ ಲಂಡನ್ ಈ ಪ್ರಯೋಗವನ್ನು ಕೈಬಿಡಲಿಲ್ಲ. ಸದ್ದಿಲ್ಲದ, ಹೊತ್ತು ಬದಲಿಸಿದ ಸಾಗಣೆಯನ್ನು ಉತ್ತೇಜಿಸುವ ಕಾರ್ಯಕ್ರಮ ಮುಂದಿನ ವರ್ಷಗಳಲ್ಲಿಯೂ ಮುಂದುವರಿಯಿತು.

ಅಸಮಾಧಾನದ ದನಿಗಳು

ಎಲ್ಲರೂ ಸಂತೃಪ್ತರಾಗಿರಲಿಲ್ಲ. ಲಂಡನ್ನಿನ ಪ್ರಸಿದ್ಧ ಕಪ್ಪು ಟ್ಯಾಕ್ಸಿಗಳ ಚಾಲಕರು ತಮಗೆ ಕ್ರೀಡಾ ಪಥ ನಿರಾಕರಿಸಿದ್ದನ್ನು ವಿರೋಧಿಸಿ 2012ರ ಜುಲೈನಲ್ಲಿ ಪ್ರತಿಭಟನೆ ನಡೆಸಿದರು. ತೆರಿಗೆ ಕಟ್ಟುವ ನಗರವಾಸಿಯನ್ನು ಬದಿಗೆ ಸರಿಸಿ ಅಧಿಕಾರಿಗಳಿಗೂ ಅತಿಥಿಗಳಿಗೂ ಪಥ ಬಿಡುವುದು ಸರಿಯೇ ಎಂಬ ಪ್ರಶ್ನೆ ಕೇಳಿಬಂತು. ಕ್ರೀಡಾಪಟು ಸ್ಪರ್ಧೆಗೆ ಹೊತ್ತಿಗೆ ಸರಿಯಾಗಿ ತಲುಪಬೇಕೆಂಬುದನ್ನು ಯಾರೂ ಅಲ್ಲಗಳೆಯಲಿಲ್ಲ. ಆ ಸೌಕರ್ಯವನ್ನು ಎಷ್ಟು ಮಂದಿಗೆ, ಎಷ್ಟು ಹೊತ್ತು ಕೊಡಬೇಕು ಎಂಬುದೇ ವಿವಾದವಾಗಿತ್ತು. ಬೇಡವಾದ ವೇಳೆಯಲ್ಲಿ ಪಥವನ್ನು ಸಾರ್ವಜನಿಕರಿಗೆ ತೆರೆದ ಕ್ರಮವು ಈ ಅಸಮಾಧಾನವನ್ನು ಕೊಂಚ ತಗ್ಗಿಸಿತು.

2024ರ ಜುಲೈ 26ರಿಂದ ಆಗಸ್ಟ್ 11ರವರೆಗೆ ನಡೆದ ಪ್ಯಾರಿಸ್ ಒಲಿಂಪಿಕ್ಸ್ ಬೇರೊಂದು ವಿಧಾನವನ್ನು ಅನುಸರಿಸಿತು. ಅಲ್ಲಿ ನಿರ್ಬಂಧದ ತೀವ್ರತೆಯನ್ನು ಬಣ್ಣಗಳಿಂದ ಗುರುತಿಸಲಾಯಿತು. ಕೆಂಪು ವಲಯಕ್ಕೆ ಮೋಟಾರು ವಾಹನಗಳು ವಿನಾಯಿತಿಯಿದ್ದರೆ ಮಾತ್ರ ಪ್ರವೇಶಿಸಬಹುದಿತ್ತು. ಉದ್ಘಾಟನೆ ಸೇನ್ ನದಿಯ ಮೇಲೆ ನಡೆದುದರಿಂದ, ಅದರ ಹಿಂದಿನ ವಾರ ನದಿದಂಡೆಯ ಬೂದು ವಲಯಕ್ಕೆ ಹೋಗಲು ಪಾದಚಾರಿಗೂ ಮುಂಗಡ ನೋಂದಣಿ ಬೇಕಾಯಿತು. ಬಣ್ಣದ ನಕ್ಷೆಯ ಅನುಕೂಲವೆಂದರೆ, ಭಾಷೆ ತಿಳಿಯದ ಚಾಲಕನಿಗೂ ಅದು ಒಂದೇ ನೋಟಕ್ಕೆ ಅರ್ಥವಾಗುತ್ತದೆ.

ನಮ್ಮ ಗಡಿನಾಡಿಗೆ ಸಂಬಂಧಿಸಿದ ಅಂಶಗಳು

ನಮ್ಮ ದೇಶದಲ್ಲಿ 2010ರ ಅಕ್ಟೋಬರ್ 3ರಿಂದ 14ರವರೆಗೆ ನಡೆದ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿಯೂ ರಸ್ತೆಗಳಲ್ಲಿ ಮೀಸಲು ಪಥಗಳನ್ನು ಗುರುತಿಸಲಾಗಿತ್ತು. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಕ್ರಿಕೆಟ್ ಪಂದ್ಯವಿರುವ ದಿನಗಳಲ್ಲಿ ಸುತ್ತಲಿನ ರಸ್ತೆಗಳಲ್ಲಿ ನಿಲುಗಡೆ ನಿಷೇಧ ಸಾಮಾನ್ಯ. ಹೊಸೂರಿನಿಂದ ಬೆಂಗಳೂರಿಗೆ ಹೂವು, ತರಕಾರಿ, ಬಿಡಿಭಾಗ ಸಾಗಿಸುವವರಿಗೆ ಇದು ನೇರವಾಗಿ ತಟ್ಟುವ ವಿಷಯ. ಇಂಥ ಸಂದರ್ಭಗಳಲ್ಲಿ ಮೂರು ಕಾನೂನು ಸಂಗತಿಗಳು ತಿಳಿದಿರಬೇಕು.

ಮೊದಲನೆಯದು, 1988ರ ಮೋಟಾರು ವಾಹನ ಕಾಯಿದೆಯ 115ನೇ ಪ್ರಕರಣ. ವಾಹನ ಸಂಚಾರವನ್ನು ನಿರ್ಬಂಧಿಸುವ ಅಧಿಕಾರವನ್ನು ಅದು ರಾಜ್ಯ ಸರ್ಕಾರಕ್ಕೂ ಸರ್ಕಾರ ನೇಮಿಸಿದ ಪ್ರಾಧಿಕಾರಕ್ಕೂ ಕೊಡುತ್ತದೆ. ನಿರ್ಬಂಧವು ಒಂದು ತಿಂಗಳು ಮೀರದಿದ್ದರೆ ರಾಜ್ಯಪತ್ರದಲ್ಲಿ ಪ್ರಕಟಿಸಬೇಕಾಗಿಲ್ಲ. ಸಾಧ್ಯವಿರುವಷ್ಟು ಸ್ಥಳೀಯ ಪ್ರಚಾರ ನೀಡಿದರೆ ಸಾಕು. ಕ್ರೀಡಾಕೂಟ, ಜಾತ್ರೆ, ಮೆರವಣಿಗೆಗಳ ನಿರ್ಬಂಧಗಳು ಬಹುತೇಕ ಈ ಬಗೆಯವು. ಆದ್ದರಿಂದ ಪೊಲೀಸ್ ಪ್ರಕಟಣೆಯನ್ನು ನಾವೇ ಹುಡುಕಿ ಓದಬೇಕು.

ಎರಡನೆಯದು, ಇ-ವೇ ಬಿಲ್. ರಾಜ್ಯದಿಂದ ರಾಜ್ಯಕ್ಕೆ 50,000 ರೂಪಾಯಿಗಿಂತ ಹೆಚ್ಚು ಮೌಲ್ಯದ ಸರಕು ಹೋಗುವಾಗ, ವಿನಾಯಿತಿ ಪಡೆದ ವಸ್ತುಗಳನ್ನು ಬಿಟ್ಟು, ಇದು ಅಗತ್ಯ. ಸಾಮಾನ್ಯ ಸರಕಿಗೆ ಪ್ರತಿ 200 ಕಿಲೋಮೀಟರಿಗೆ ಒಂದು ದಿನದಂತೆ ಇದರ ಅವಧಿ. ಗಡಿಯ ಊರುಗಳಲ್ಲಿ ನಲವತ್ತು ಕಿಲೋಮೀಟರಿನ ಸಾಗಣೆಯೂ ಅಂತರರಾಜ್ಯ ಸಾಗಣೆಯೇ, ಅದರ ಅವಧಿ ಒಂದೇ ದಿನ. ರಸ್ತೆ ಮುಚ್ಚಿ ಲಾರಿ ನಿಂತುಹೋದರೆ ಅವಧಿ ಮುಗಿಯುವ ಮೊದಲಿನ ಅಥವಾ ಅನಂತರದ 8 ಗಂಟೆಗಳೊಳಗೆ ಅದನ್ನು ವಿಸ್ತರಿಸಿಕೊಳ್ಳಬಹುದು.

ಮೂರನೆಯದು, ಭಾಷೆಯ ಹಕ್ಕು. ಸಂಚಾರ ಪ್ರಕಟಣೆಗಳು ಆಯಾ ರಾಜ್ಯದ ಆಡಳಿತ ಭಾಷೆಯಲ್ಲಿ ಹೊರಬರುತ್ತವೆ. ಕಾಸರಗೋಡಿನಲ್ಲಿ ಮಲಯಾಳ, ತಾಳವಾಡಿಯಲ್ಲಿ ತಮಿಳು, ಜತ್ತದಲ್ಲಿ ಮರಾಠಿ, ಮಡಕಶಿರಾದಲ್ಲಿ ತೆಲುಗು ಓದಲಾರದ ಹಿರಿಯ ವ್ಯಾಪಾರಿಗೆ ಅದು ತಲುಪದೆ ಹೋಗಬಹುದು. ಕುಂದುಕೊರತೆ ನಿವಾರಣೆಗಾಗಿ ಒಕ್ಕೂಟದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಒಕ್ಕೂಟದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ಅನುಚ್ಛೇದವು ಪ್ರತಿಯೊಬ್ಬರಿಗೂ ನೀಡಿದೆ. ಪ್ರಕಟಣೆ ಕನ್ನಡದಲ್ಲಿಯೂ ಬೇಕೆಂಬ ಮನವಿಯನ್ನು ಕನ್ನಡದಲ್ಲಿಯೇ ಬರೆಯಬಹುದು.

ಚಾಲಕರಿರುವ ಮನೆಗಳಿಗೆ ಇನ್ನೊಂದು ಮಾತು. 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು ಸಾಮಾನ್ಯವಾಗಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಗಳ ಕೆಲಸದ ಮಿತಿಯನ್ನು ಹಾಕಿತ್ತು. 5 ಗಂಟೆ ದುಡಿದ ಮೇಲೆ ಕನಿಷ್ಠ ಅರ್ಧ ಗಂಟೆ ಬಿಡುವು ಕೊಡಬೇಕೆಂದು ಹೇಳಿತ್ತು. ಸುತ್ತುದಾರಿಯ ಹೆಚ್ಚುವರಿ ಹೊತ್ತು ಚಾಲಕನ ನಿದ್ದೆಯಿಂದ ಕಡಿತವಾಗಬಾರದು.

ಮಕ್ಕಳ ಅಭ್ಯಾಸಕ್ಕೆ

ಸಮಾಜ ವಿಜ್ಞಾನದ ಯೋಜನಾ ಕಾರ್ಯವಾಗಿ ವಿದ್ಯಾರ್ಥಿಗಳು ತಮ್ಮ ಊರಿನ ಜಾತ್ರೆ ಅಥವಾ ಕ್ರೀಡಾಕೂಟವೊಂದನ್ನು ಆರಿಸಿಕೊಳ್ಳಬಹುದು. ಸೊಲ್ಲಾಪುರದ ಮಕ್ಕಳಿಗೆ ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯ ನಂದಿಧ್ವಜಗಳ ಮೆರವಣಿಗೆ ಉತ್ತಮ ವಿಷಯ. ಮೆರವಣಿಗೆಯ ದಾರಿಯನ್ನು ನಕ್ಷೆಯಲ್ಲಿ ಬರೆದು, ಆ ದಾರಿಯ ಹತ್ತು ಅಂಗಡಿಗಳಿಗೆ ಹೋಗಿ ಮೂರು ಪ್ರಶ್ನೆ ಕೇಳಬೇಕು: ಸರಕು ಯಾವ ಹೊತ್ತಿಗೆ ಬರುತ್ತದೆ? ಜಾತ್ರೆಯ ದಿನ ಏನು ಮಾಡುತ್ತೀರಿ? ರಸ್ತೆ ಮುಚ್ಚುವ ಸುದ್ದಿ ನಿಮಗೆ ಯಾರಿಂದ, ಯಾವ ಭಾಷೆಯಲ್ಲಿ ತಿಳಿಯುತ್ತದೆ? ಉತ್ತರಗಳನ್ನು ನಾಲ್ಕು ಸೂತ್ರಗಳ ಕೆಳಗೆ ವಿಂಗಡಿಸಿದರೆ ವರದಿ ಸಿದ್ಧವಾಗುತ್ತದೆ.

ಪದಪರಿಚಯ

ಮಾರ್ಗಜಾಲ: ಒಂದು ಉದ್ದೇಶಕ್ಕಾಗಿ ಗೊತ್ತುಪಡಿಸಿದ, ಒಂದಕ್ಕೊಂದು ಕೂಡಿಕೊಂಡ ರಸ್ತೆಗಳ ಸಮೂಹ.
ಮೀಸಲು ಪಥ: ರಸ್ತೆಯ ಅಗಲದಲ್ಲಿ ಗೆರೆ ಎಳೆದು ಕೆಲವು ವಾಹನಗಳಿಗಷ್ಟೇ ಬಿಟ್ಟುಕೊಟ್ಟ ಭಾಗ.
ಇಳಿದಾಣ: ಸರಕು ಏರಿಸಲು, ಇಳಿಸಲು ಲಾರಿ ನಿಲ್ಲುವ ಜಾಗ.
ಸರದಿ: ಒಬ್ಬ ಪೂರೈಕೆದಾರನ ವಾಹನ ಒಮ್ಮೆ ಬಂದುಹೋಗುವುದು.
ಒಟ್ಟುಗೂಡಿಕೆ: ಹಲವರ ಸರಕನ್ನು ಒಂದೆಡೆ ಸೇರಿಸಿ ಒಂದೇ ವಾಹನದಲ್ಲಿ ಕಳುಹಿಸುವ ಕ್ರಮ.
ಆಚಾರಸಂಹಿತೆ: ಸಂಬಂಧಪಟ್ಟವರೆಲ್ಲ ಒಪ್ಪಿ ಪಾಲಿಸುವ ನಡವಳಿಕೆಯ ನಿಯಮಗಳು.